ಹಳೇ ಲ್ಯಾಪ್‌ಟಾಪ್ ಗುಜರಿಗೆ ಹಾಕಬೇಡಿ ಸಾಹುಕಾರರೇ!

ದಾವಣಗೆರೆ: ಮಂಡಿಪೇಟೆಯ ಅಂಗಡಿಗಳಲ್ಲಿ ಹೊಸದೊಂದು ಚಿಂತೆ ಶುರುವಾಗಿದೆ. ಅಕ್ಕಿ ರೇಟಿನದಲ್ಲ, ಜಿಎಸ್‌ಟಿಯದೂ ಅಲ್ಲ. ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಹತ್ತು ವರ್ಷದಿಂದ ಧೂಳು ತಿನ್ನುತ್ತಾ ಕೂತಿರುವ ಲ್ಯಾಪ್‌ಟಾಪಿನದು.

ವಿಂಡೋಸ್ 10ರ ಮಾಮೂಲಿ ಬೆಂಬಲವನ್ನು ಮೈಕ್ರೋಸಾಫ್ಟ್ ಕಂಪನಿ 2025ರ ಅಕ್ಟೋಬರ್ 14ಕ್ಕೆ ಮುಗಿಸಿ ಕೈ ತೊಳೆದುಕೊಂಡಿತು. ಹನ್ನೊಂದು ಹಾಕೋಣವೆಂದರೆ ಕಡೇಪಕ್ಷ 4 ಜಿಬಿ ರ್ಯಾಮ್, 64 ಜಿಬಿ ಜಾಗ, ಸಾಲದ್ದಕ್ಕೆ ಟಿಪಿಎಂ 2.0 ಅನ್ನೋ ಭದ್ರತೆ ಏರ್ಪಾಡು ಬೇಕು. 2 ಜಿಬಿಯ ಮುದಿ ಯಂತ್ರ ಇದನ್ನೆಲ್ಲ ಎಲ್ಲಿಂದ ತರಬೇಕು ಸ್ವಾಮಿ? ಹೇಗೋ ತುರುಕಿ ಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಹಾಗೆ ತುರುಕಿದ ಯಂತ್ರ ಒಂದು ಬಿಲ್ ತೆಗೆಯುವಷ್ಟರಲ್ಲಿ ಗಿರಾಕಿ ಪಕ್ಕದ ಅಂಗಡಿಗೆ ಹೋಗಿರುತ್ತಾನೆ.

ಉಳಿದ ದಾರಿ ಲಿನಕ್ಸ್. 1991ರಲ್ಲಿ ಫಿನ್ಲೆಂಡ್ ದೇಶದ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲೀನಸ್ ಟೋರ್ವಾಲ್ಡ್ಸ್ ಎಂಬ ಹುಡುಗ ಶುರುಮಾಡಿದ್ದು. ಕಾಸು ಕೊಡಬೇಕಾಗಿಲ್ಲ. ಪಕ್ಕದ ಕೇರಳದ ಸರ್ಕಾರಿ ಶಾಲೆ ಮಕ್ಕಳು ಇದರಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ನಮ್ಮ ಸಾಹುಕಾರರಿಗೆ ಯಾಕೆ ಬಾರದು?

ಆದರೆ ಬರೀ ‘ಲಿನಕ್ಸ್ ಹಾಕು’ ಅಂದರೆ ಮಂಡಿಗೆ ಬಂದು ‘ಅಕ್ಕಿ ಕೊಡು’ ಅಂದ ಹಾಗೆ. ಸೋನಾ ಮಸೂರಿಯೋ, ರಾಜಮುಡಿಯೋ, ದೋಸೆ ಅಕ್ಕಿಯೋ ಹೇಳಬೇಕಲ್ಲ! ಯಂತ್ರದ ರ್ಯಾಮ್ ಎಷ್ಟು, ಪ್ರೊಸೆಸರ್ 64 ಬಿಟ್ಟಿನದೋ 32 ಬಿಟ್ಟಿನದೋ, ಇವೆರಡು ಮೊದಲು ನೋಡಿಕೊಳ್ಳಿ. 4 ಜಿಬಿ ಇದ್ದರೆ ಲಿನಕ್ಸ್ ಮಿಂಟಿನ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು. ವಿಂಡೋಸ್ ಬಳಸಿದ ಕೈಗೆ ಅದು ಬೇಗ ಹೊಂದುತ್ತದೆ. 2 ಜಿಬಿಗೂ ಅದೇ ಆಗುತ್ತದೆ ಅಂತ ಅವರೇ ಹೇಳಿಕೊಂಡಿದ್ದರೂ ನಮ್ಮ ಮತ ಲುಬುಂಟುವಿಗೆ. ಅದರ ಮೈ ಹಗುರ. 1 ಜಿಬಿ ಅಥವಾ ಅದಕ್ಕೂ ಕಡಿಮೆ ಇದ್ದರೆ ಆಂಟಿಎಕ್ಸ್ ಇಲ್ಲವೇ ಪಪ್ಪಿ. ಪಪ್ಪಿಯನ್ನು 2003ರಲ್ಲಿ ಹೊರತಂದವರು ಆಸ್ಟ್ರೇಲಿಯಾದ ಬ್ಯಾರಿ ಕೌಲರ್. ತಾವು ಸಾಕಿದ್ದ ಪುಟ್ಟ ನಾಯಿಯ ಹೆಸರನ್ನೇ ಇಟ್ಟುಬಿಟ್ಟರು! ಇಡೀ ವ್ಯವಸ್ಥೆ ರ್ಯಾಮಿನಲ್ಲೇ ಕೂತು ಓಡುವುದು ಅದರ ವಿಶೇಷ.

32 ಬಿಟ್ಟಿನವರಿಗೆ ಕಾಲ ಕೆಟ್ಟಿದೆ. ಡೆಬಿಯನ್‌ನವರು 2025ರ ಆಗಸ್ಟಿನಲ್ಲಿ ತಂದ 13ನೇ ಆವೃತ್ತಿಯಲ್ಲಿ ಅಂಥ ಯಂತ್ರಕ್ಕೆ ಇನ್‌ಸ್ಟಾಲರ್ ಕೊಡಲೇ ಇಲ್ಲ. ಗೂಗಲ್ ಕ್ರೋಮ್ ಅಂತೂ 2016ರಲ್ಲೇ ಅವರ ಕೈ ಬಿಟ್ಟಿತ್ತು. ಅಂಥದ್ದಕ್ಕೆ ದುಡ್ಡು ಸುರಿಯುವುದು ದಂಡ.

ಟ್ಯಾಲಿ ಇದ್ದವರು ಇಲ್ಲಿ ಓದಿ

ಟ್ಯಾಲಿ ವಿಂಡೋಸಿಗೆಂದೇ ಮಾಡಿದ ಸಾಮಾನು. ಲಿನಕ್ಸಿಗೆ ಅಂತ ಬೇರೆ ಟ್ಯಾಲಿ ಇಲ್ಲ. ಅಡ್ಡದಾರಿಗಳಿವೆ. ಅಂಗಡಿ ಲೆಕ್ಕವನ್ನು ಅಡ್ಡದಾರಿಯಲ್ಲಿ ಓಡಿಸುವ ಧೈರ್ಯ ನಿಮಗಿದ್ದರೆ ಸರಿ, ನಮಗಂತೂ ಇಲ್ಲ. ದಿನದ ಲೆಕ್ಕ ಟ್ಯಾಲಿಯಲ್ಲೇ ಇದ್ದರೆ ಅದಕ್ಕೊಂದು ಬೇರೆ ಯಂತ್ರ ಇಟ್ಟುಕೊಳ್ಳಿ. ಬಿಲ್ಲು, ಸ್ಟಾಕು, ಉದ್ರಿ ಪಟ್ಟಿಯನ್ನು ಎಕ್ಸೆಲ್ಲಿನಲ್ಲಿ ಬರೆಯುವವರಿಗೆ ಲಿಬ್ರೆಆಫೀಸ್ ಪುಕ್ಕಟೆ ಸಿಗುತ್ತದೆ.

ಹಾಕುವ ಕೆಲಸ ಅಂಥಾ ಬ್ರಹ್ಮವಿದ್ಯೆ ಏನಲ್ಲ. ಚೆನ್ನಾಗಿರುವ ಬೇರೆ ಕಂಪ್ಯೂಟರಿನಲ್ಲಿ ಐಎಸ್ಓ ಕಡತ ಇಳಿಸಿಕೊಂಡು, ರುಫಸ್ ಎಂಬ ತಂತ್ರಾಂಶದಿಂದ 8 ಜಿಬಿ ಪೆನ್‌ಡ್ರೈವಿಗೆ ಬರೆಯಬೇಕು. ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮಗಳ ಮದುವೆ ಫೋಟೋ ಇರುವ ಪೆನ್‌ಡ್ರೈವ್ ಕೊಡಬೇಡಿ! ಹಳೇ ಯಂತ್ರಕ್ಕೆ ಅದನ್ನು ಸಿಕ್ಕಿಸಿ, ಆನ್ ಮಾಡುವಾಗಲೇ ಎಫ್12 ಅಥವಾ ಎಸ್ಕೇಪ್ ಒತ್ತಿ (ಕಂಪನಿಗೊಂದು ಕೀಲಿ), ಪೆನ್‌ಡ್ರೈವ್ ಆರಿಸಿದರೆ ಲಿನಕ್ಸ್ ಎದ್ದು ಕೂರುತ್ತದೆ. ಡಿಸ್ಕಿಗೆ ಇನ್ನೂ ಕೈ ಹಚ್ಚಿರುವುದಿಲ್ಲ. ಈ ಹೊತ್ತಿನಲ್ಲೇ ವೈಫೈ ಹಿಡಿಯುತ್ತದೋ, ಸೌಂಡ್ ಬರುತ್ತದೋ, ನಿಮ್ಮ ಪ್ರಿಂಟರ್ ಒಂದು ಹಾಳೆ ಉಗುಳುತ್ತದೋ ನೋಡಿಬಿಡಿ. ಕೆಲವು ವೈಫೈ ಚಿಪ್ಪುಗಳೂ ಹಳೇ ಲೇಸರ್ ಪ್ರಿಂಟರುಗಳೂ ಲಿನಕ್ಸಿಗೆ ಬಗ್ಗುವುದಿಲ್ಲ. ಬಗ್ಗದಿದ್ದರೆ ಪೆನ್‌ಡ್ರೈವ್ ಕಿತ್ತು ಮನೆಗೆ ಹೋಗಿ, ಏನೂ ನಷ್ಟವಿಲ್ಲ.

ಎಲ್ಲ ಸರಿಯಿದ್ದರೆ ಮುಂದಿನ ಹೆಜ್ಜೆಯಲ್ಲೇ ಇರುವುದು ಗಂಡಾಂತರ. ‘ಡಿಸ್ಕ್ ಪೂರ್ತಿ ಅಳಿಸಿ ಹಾಕಲೇ?’ ಅಂತ ಯಂತ್ರ ಕೇಳುತ್ತದೆ. ಹೂಂ ಅಂದರೆ ಹತ್ತು ವರ್ಷದ ಉದ್ರಿ ಲೆಕ್ಕವೂ ಅದರ ಜೊತೆಗೇ ಸ್ವಾಹಾ. ಯಾರ್‍ಯಾರು ಎಷ್ಟೆಷ್ಟು ಬಾಕಿ ಅಂತ ಆಮೇಲೆ ಗಿರಾಕಿಗಳನ್ನೇ ಕೇಳಬೇಕಾಗುತ್ತದೆ. ಮೊದಲು ಹೊರಗಿನ ಡಿಸ್ಕಿಗೆ ಎಲ್ಲವನ್ನೂ ನಕಲು ಮಾಡಿ, ಆ ನಕಲನ್ನು ಇನ್ನೊಂದು ಯಂತ್ರದಲ್ಲಿ ತೆರೆದು ನೋಡಿ, ನಂತರ ಹೂಂ ಅನ್ನಿ.

ರಿಪೇರಿ ಅಂಗಡಿಯಲ್ಲಿ ಸೆಕೆಂಡ್‌ಹ್ಯಾಂಡ್ ರ್ಯಾಮ್ ಸಿಕ್ಕರೆ ಹಾಕಿಸಿಕೊಳ್ಳಿ. ಡಿಡಿಆರ್3 ಯಂತ್ರಕ್ಕೆ ಡಿಡಿಆರ್4 ಕೂರುವುದಿಲ್ಲ, ಹಳೇದನ್ನು ಬಿಚ್ಚಿ ತೋರಿಸಿಯೇ ಕೊಳ್ಳಿ. ತಿರುಗುವ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಯಂತ್ರಕ್ಕೆ ಪ್ರಾಯ ಮರಳಿದಂತೆ. ಅಷ್ಟಾದರೂ ಬ್ರೌಸರಿನಲ್ಲಿ ಹತ್ತು ಕಿಟಕಿ ತೆರೆದರೆ ಯಾವ ಲಿನಕ್ಸೂ ತಡೆಯದು. ರ್ಯಾಮ್ ನುಂಗುವ ಬಕಾಸುರ ಬ್ರೌಸರ್ರೇ.

ಕನ್ನಡ ಟೈಪಿಂಗಿಗೆ ಐಬಸ್ ಜೊತೆ ಎಂ17ಎನ್ ಹಾಕಿಕೊಂಡು ‘ಕೆಜಿಪಿ’ ವಿನ್ಯಾಸ ಆರಿಸಿ. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಅದೇ ದಾರಿ. ಹಳೇ ನುಡಿ ಫಾಂಟಿನಲ್ಲಿ ಬರೆದಿಟ್ಟ ಪತ್ರಗಳು ಆ ಫಾಂಟ್ ಇಲ್ಲದೆಡೆ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅವನ್ನು ವಿಂಡೋಸ್ ಇನ್ನೂ ಜೀವಂತ ಇರುವಾಗಲೇ ಯೂನಿಕೋಡಿಗೆ ಬದಲಿಸಿಟ್ಟುಕೊಳ್ಳಿ.