ಪ್ರಾದೇಶಿಕ ವೈಮಾನಿಕನ ವೇತನ

ವಿಮಾನ ನಡೆಸುವವನು ಅಧಿಕ ವೇತನ ಪಡೆಯುವನೆಂಬುದು ರೂಢಿಯ ನಂಬಿಕೆ. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ದೊಡ್ಡ ವಿಮಾನ ಸಂಸ್ಥೆಗಳ ಮಟ್ಟಿಗೆ ಇದು ಬಹುತೇಕ ನಿಜವೇ. ಆದರೆ ಅಲ್ಲಿನ ಸಣ್ಣ ಊರುಗಳನ್ನು ಮಹಾನಗರಗಳೊಡನೆ ಜೋಡಿಸುವ ಪ್ರಾದೇಶಿಕ ಸಂಸ್ಥೆಗಳಲ್ಲಿ ದಶಕಗಳ ಕಾಲ ನಡೆದುಬಂದುದು ಬೇರೆಯೇ ಬಗೆ.

1978ರಲ್ಲಿ ಅಲ್ಲಿನ ಸರ್ಕಾರವು ಪ್ರಯಾಣದರ ಹಾಗೂ ಮಾರ್ಗಗಳ ಮೇಲಿನ ಹತೋಟಿಯನ್ನು ಶಾಸನದ ಮೂಲಕ ಸಡಿಲಿಸಿತು. ಸ್ಪರ್ಧೆ ತೀವ್ರವಾದಂತೆ ದೊಡ್ಡ ಸಂಸ್ಥೆಗಳು ಹತ್ತಿರದ ಹಾರಾಟಗಳನ್ನು ಸಣ್ಣ ಸಂಸ್ಥೆಗಳಿಗೆ ಗುತ್ತಿಗೆ ಕೊಡತೊಡಗಿದವು. ವಿಮಾನದ ಮೈಮೇಲಿನ ಹೆಸರು ದೊಡ್ಡದರದು. ಒಳಗಿನ ವೈಮಾನಿಕನು ಸಣ್ಣದರ ನೌಕರ. ಗುತ್ತಿಗೆಯನ್ನು ಉಳಿಸಿಕೊಳ್ಳಲು ವೆಚ್ಚವನ್ನು ತಗ್ಗಿಸಬೇಕಾಗಿದ್ದುದರಿಂದ ಕತ್ತರಿಯು ವೇತನದ ಮೇಲೆ ಆಡಿತು.

ವೇತನವನ್ನು ಎಣಿಸುವ ಕ್ರಮವೂ ವಿಚಿತ್ರವಾದುದು. ವಿಮಾನವು ತಂಗುದಾಣದಿಂದ ಕದಲಿದ ಗಳಿಗೆಯಿಂದ ಮತ್ತೊಂದೆಡೆ ನಿಲ್ಲುವವರೆಗಿನ ಗಂಟೆಗಳಿಗೇ ಮುಖ್ಯವಾಗಿ ಸಂಬಳ. ಹಾರುವ ಮುನ್ನ ವಿಮಾನವನ್ನು ಸುತ್ತಿ ಪರೀಕ್ಷಿಸುವ ಹೊತ್ತು, ಮಂಜು ತಿಳಿಯಾಗಲೆಂದು ನಿಲ್ದಾಣದಲ್ಲಿ ಕಾಯುವ ಹೊತ್ತು ಬಹುಮಟ್ಟಿಗೆ ಲೆಕ್ಕಕ್ಕಿಲ್ಲ. 2000ದ ದಶಕದಲ್ಲಿ ಹೊಸ ಸಹವೈಮಾನಿಕನಿಗೆ ಗಂಟೆಗೆ 20 ಡಾಲರುಗಳ ಆಸುಪಾಸು ದೊರೆಯುತ್ತಿತ್ತು. ವರ್ಷಕ್ಕೆ 1,000 ಗಂಟೆಗಳನ್ನು ಮೀರಿ ಹಾರಲು ನಿಯಮವೇ ಒಪ್ಪದು. ಅಂದಮೇಲೆ ಗಳಿಕೆ ಎಷ್ಟಾದೀತು! ಶಿಕ್ಷಣಕ್ಕೆಂದು ಮಾಡಿದ ಸಾಲದ ಕಂತು ಬೇರೆ. ಆದರೂ ತರುಣರು ಬಂದರು. ಹಾರಾಟದ ಗಂಟೆಗಳನ್ನು ಕೂಡಿಸಿಕೊಂಡು ಮುಂದೆ ದೊಡ್ಡ ಸಂಸ್ಥೆಯನ್ನು ಸೇರುವ ಆಸೆಯೇ ಅವರನ್ನು ಹಿಡಿದಿಟ್ಟಿತ್ತು.

2009ರ ಫೆಬ್ರವರಿ 12ರ ರಾತ್ರಿ ಬಫಲೋ ನಗರದ ಬಳಿ ಕೋಲ್ಗನ್ ಏರ್ ಸಂಸ್ಥೆಯ ವಿಮಾನವು ಬಿದ್ದು 50 ಮಂದಿ ಮಡಿದರು. ಪ್ರಯಾಣಿಕರು ಕೊಂಡ ಟಿಕೇಟು ಕಾಂಟಿನೆಂಟಲ್ ಸಂಸ್ಥೆಯ ಹೆಸರಿನದು. ವೇಗ ಕುಂದಿದ ಎಚ್ಚರಿಕೆಗೆ ಕ್ಯಾಪ್ಟನ್ ತಪ್ಪಾಗಿ ಪ್ರತಿಕ್ರಿಯಿಸಿದುದೇ ಕಾರಣವೆಂದು ತನಿಖಾ ಮಂಡಳಿ ನಿರ್ಣಯಿಸಿತು. ವೇತನವೇ ಅಪಘಾತಕ್ಕೆ ಕಾರಣವೆನ್ನಲಾಗದು. ಆದರೆ ಸಹವೈಮಾನಿಕೆಯು ಸಿಯಾಟಲ್‌ನಿಂದ ಇಡೀ ರಾತ್ರಿ ಪ್ರಯಾಣ ಮಾಡಿ ನೆವಾರ್ಕ್‌ಗೆ ಕೆಲಸಕ್ಕೆ ಬಂದಿದ್ದಳೆಂಬುದೂ, ಅವಳ ವಾರ್ಷಿಕ ವೇತನ ಸುಮಾರು 16,000 ಡಾಲರೆಂಬ ಮಾತೂ ವಿಚಾರಣೆಯಲ್ಲಿ ಹೊರಬಿದ್ದಾಗ ದೇಶವು ಬೆಚ್ಚಿತು. ಸಂಸ್ಥೆಯು ಬಳಿಕ ಹೆಚ್ಚಿನ ಅಂಕಿಯನ್ನು ಮುಂದಿಟ್ಟಿತಾದರೂ ಅದೂ ಹೇಳಿಕೊಳ್ಳುವಂತಹುದಲ್ಲ.

ಮೃತರ ಕುಟುಂಬಗಳ ಒತ್ತಾಯದ ಫಲವಾಗಿ 2010ರಲ್ಲಿ ಕಾನೂನಾಯಿತು. 2013ರಿಂದ ಸಹವೈಮಾನಿಕನಿಗೂ ಸಾಮಾನ್ಯವಾಗಿ 1,500 ಗಂಟೆಗಳ ಅನುಭವ ಕಡ್ಡಾಯವಾಯಿತು; ಮುಂಚೆ 250 ಸಾಕಿತ್ತು. ಅಭ್ಯರ್ಥಿಗಳು ವಿರಳರಾದರು. ಕಾನೂನು ವೇತನದ ಬಗ್ಗೆ ಒಂದು ಡಾಲರನ್ನೂ ಗೊತ್ತುಪಡಿಸಿರಲಿಲ್ಲ; ಕೊರತೆಯೇ ಅದನ್ನು ಏರಿಸಿತು. 2020ರ ಮಹಾಮಾರಿಯ ಕಾಲದಲ್ಲಿ ಹಿರಿಯರು ಅವಧಿಗೆ ಮುನ್ನವೇ ನಿವೃತ್ತರಾಗಲು, ದೊಡ್ಡ ಸಂಸ್ಥೆಗಳು ಪ್ರಾದೇಶಿಕ ವೈಮಾನಿಕರನ್ನು ಸೆಳೆದುಕೊಂಡವು. 2022ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಅಂಗಸಂಸ್ಥೆಗಳು ಮೊದಲ ವರ್ಷದ ಸಹವೈಮಾನಿಕನಿಗೇ, ತಾತ್ಕಾಲಿಕ ಭತ್ಯೆಯೂ ಸೇರಿ, ಗಂಟೆಗೆ 90 ಡಾಲರು ನೀಡತೊಡಗಿದವು.

ಈ ವೆಚ್ಚವನ್ನು 50 ಆಸನಗಳ ವಿಮಾನದಲ್ಲಿ ಹಂಚಿದಾಗ ಪ್ರತಿ ಪ್ರಯಾಣಿಕನ ಪಾಲು ದೊಡ್ಡದಾಗುತ್ತದೆ. ವೇತನ ಏರಿದ ಅದೇ ವರ್ಷ, ಪ್ರಾದೇಶಿಕ ವೈಮಾನಿಕರ ಕೊರತೆಯ ಕಾರಣವನ್ನು ನೀಡಿ, ಅಮೆರಿಕನ್ ಸಂಸ್ಥೆಯು ಟೊಲೀಡೋ, ಇಥಾಕಾ ಮೊದಲಾದ ಊರುಗಳಿಗೆ ತನ್ನ ವಿಮಾನಗಳನ್ನು ನಿಲ್ಲಿಸಿತು.