ಉದ್ಯೋಗ ಬದಲಾದಾಗ ಆರೋಗ್ಯದ ಎಚ್ಚರ

ಹುಬ್ಬಳ್ಳಿ, ದಾವಣಗೆರೆ, ಕಲಬುರಗಿಯಂತಹ ಊರುಗಳ ಸಣ್ಣ ಕಂಪನಿಗಳಲ್ಲಿ ಕೆಲಸ ಕಲಿತ ನಮ್ಮ ಮಕ್ಕಳು ಬೆಂಗಳೂರಿನ ದೊಡ್ಡ ತಂತ್ರಜ್ಞಾನ ಸಂಸ್ಥೆಗಳನ್ನು ಸೇರುವುದು ಇಂದು ಸಾಮಾನ್ಯವಾಗಿದೆ. ಸಂಬಳ ಹೆಚ್ಚುತ್ತದೆ, ಮನೆಯವರಿಗೆ ನೆಮ್ಮದಿಯಾಗುತ್ತದೆ. ಆದರೆ ಮೊದಲ ವರ್ಷದಲ್ಲಿ ದೇಹ, ಮನಸ್ಸುಗಳ ಮೇಲೆ ಬೀಳುವ ಹೊರೆಯ ಕಡೆಗೆ ನಾವು ಗಮನ ಕೊಡುವುದು ಕಡಿಮೆ.

ಸಣ್ಣ ಕಂಪನಿಯಲ್ಲಿ ಹತ್ತಾರು ಜನರಿರುತ್ತಾರೆ; ಯಜಮಾನರು ಎದುರಿಗೇ ಸಿಗುತ್ತಾರೆ; ಮಾಡಿದ ಕೆಲಸ ಎಲ್ಲರಿಗೂ ಕಾಣುತ್ತದೆ. ದೊಡ್ಡ ಸಂಸ್ಥೆಯಲ್ಲಿ ಸಾವಿರಾರು ಜನರ ನಡುವೆ ಒಬ್ಬರಾಗಿ, ನಿಯಮಿತ ಮೌಲ್ಯಮಾಪನದ ಅಂಜಿಕೆಯಲ್ಲಿ ದುಡಿಯಬೇಕಾಗುತ್ತದೆ. ಅಮೆರಿಕದ ತಂಡದೊಡನೆ ಸಭೆಯಿದ್ದರೆ ಅಲ್ಲಿಯ ಬೆಳಗು ಇಲ್ಲಿಯ ರಾತ್ರಿಯಾಗಿ, ಊಟ ನಿದ್ರೆಗಳೆರಡೂ ತಪ್ಪುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳು 2021ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ರಕ್ತಪೂರೈಕೆ ಕುಗ್ಗುವ ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು.

ಆದ್ದರಿಂದ ಸೇರುವ ಮೊದಲೇ ಕೆಲಸದ ವೇಳೆಯನ್ನು ಸ್ಪಷ್ಟವಾಗಿ ಕೇಳಿ ತಿಳಿಯಬೇಕು. ರಕ್ತದೊತ್ತಡ, ಸಕ್ಕರೆಯ ಪ್ರಮಾಣವನ್ನು ಪರೀಕ್ಷಿಸಿ ಬರೆದಿಟ್ಟುಕೊಂಡರೆ ಮುಂದಿನ ಏರುಪೇರು ತಿಳಿಯುತ್ತದೆ. ದಿನಕ್ಕೆ 7 ಗಂಟೆಗೆ ಕಡಿಮೆಯಿಲ್ಲದ ನಿದ್ರೆ, ವಾರಕ್ಕೆ ಕನಿಷ್ಠ 150 ನಿಮಿಷಗಳ ಬಿರುಸಿನ ನಡಿಗೆ ಬೇಕೇ ಬೇಕು. ಕುಳಿತಲ್ಲಿಯೇ ಇರದೆ ಆಗಾಗ ಎದ್ದು ಓಡಾಡಬೇಕು.

ಇನ್ನೊಂದು ಮಾತು ಹೆತ್ತವರಿಗೆ ಸಂಬಂಧಿಸಿದ್ದು. ಮಗನ ಅಥವಾ ಮಗಳ ಕಂಪನಿಯ ವಿಮೆ ದೊರೆಯಿತೆಂದು ಮನೆಯ ಹಳೆಯ ಆರೋಗ್ಯ ವಿಮೆಯನ್ನು ನಿಲ್ಲಿಸಬಾರದು. ಉದ್ಯೋಗ ಹೋದರೆ ಸಾಮಾನ್ಯವಾಗಿ ಆ ವಿಮೆಯೂ ಹೋಗುತ್ತದೆ. ಆಗ ಹೊಸದಾಗಿ ವಿಮೆ ಮಾಡಿಸಿದರೆ, ಮೊದಲೇ ಇರುವ ಸಕ್ಕರೆ ಕಾಯಿಲೆಯಂಥವುಗಳ ಚಿಕಿತ್ಸೆಗೆ 3 ವರ್ಷಗಳವರೆಗೆ ಕಾಯಬೇಕಾಗಬಹುದು. ಅರವತ್ತು ದಾಟಿದ ತಂದೆತಾಯಿಗಳಿಗೆ ಇದು ಸಣ್ಣ ಸಂಗತಿಯಲ್ಲ.

ನಿದ್ರೆ ಬಾರದಿರುವುದು, ಸಿಡಿಮಿಡಿ, ಭಾನುವಾರ ಸಂಜೆಯೇ ಎದೆ ಭಾರವಾಗುವುದು ವಾರಗಟ್ಟಲೆ ಮುಂದುವರಿದರೆ ಅದನ್ನು ಸೋಮಾರಿತನವೆಂದು ಹಳಿಯದೆ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು.

ದೂರದಲ್ಲಿರುವ ಮಕ್ಕಳಿಗೆ ಕರೆ ಮಾಡುವ ಹಿರಿಯರು ಬಡ್ತಿ, ಸಂಬಳಗಳಿಗಿಂತ ಮೊದಲು ಊಟ ನಿದ್ರೆಗಳನ್ನು ವಿಚಾರಿಸಲಿ. ಕಾಯಕ ನಡೆಯಬೇಕಾದರೆ ಕಾಯವೂ ಗಟ್ಟಿಯಾಗಿರಬೇಕಲ್ಲವೇ?