ರಬ್ಬರ್ ದೋಣಿಯೊಳಗಿನ ಪೆಟ್ಟು

ಪರೀಕ್ಷೆ ಮುಗಿದ ಮೇಲಿನ ಪ್ರವಾಸಗಳ ಪಟ್ಟಿಗೆ ಈಗ ದಾಂಡೇಲಿಯೂ ಸೇರಿದೆ. ಹತ್ತಿರದ ಗಣೇಶಗುಡಿಯಲ್ಲಿ ಗಾಳಿ ತುಂಬಿದ ರಬ್ಬರ್ ದೋಣಿ, ಅಂದರೆ ರಾಫ್ಟ್ ಹತ್ತಿ ಕಾಳಿ ನದಿಯ ಮೇಲೆ ಕುಣಿಯುತ್ತ ಸಾಗುವುದೆಂದರೆ ಹುಡುಗರಿಗೆ ಹಬ್ಬ. ತಂದೆತಾಯಿಗೆ ಒಂದೇ ಚಿಂತೆ: ನೀರಿಗೆ ಬಿದ್ದರೇನು ಗತಿ? ಚಿಂತೆ ಸಹಜವೇ. ಆದರೆ ಪೆಟ್ಟಾಗಲು ನೀರಿಗೆ ಬೀಳಲೇಬೇಕೆಂದಿಲ್ಲ.

ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಿ 1995ರಿಂದ 1997ರವರೆಗೆ ರಾಫ್ಟಿಂಗಿನಲ್ಲಾದ ಸುಮಾರು 200 ಗಾಯಗಳ ವಿವರ ಕಲೆಹಾಕಲಾಗಿತ್ತು. ಅರ್ಧಕ್ಕಿಂತ ಹೆಚ್ಚು ಗಾಯಗಳಾದದ್ದು ದೋಣಿಯೊಳಗೇ! ಮೂರರಲ್ಲಿ ಒಂದು ಪೆಟ್ಟು ಮುಖಕ್ಕೆ. ಕಣ್ಣು, ಮೂಗು, ತುಟಿ, ಹಲ್ಲುಗಳಿಗೆ. ನಂತರದ ಸರದಿ ಮೊಣಕಾಲಿನದು. ಗಾಬರಿ ಬೇಡ, ಗಾಯಗೊಂಡವರು ಸುಮಾರು ನಾಲ್ಕು ಸಾವಿರಕ್ಕೆ ಒಬ್ಬರಷ್ಟೇ. ಆದರೂ ಮುಖಕ್ಕೇ ಏಕೆ?

ಉತ್ತರ ಹೈಸ್ಕೂಲಿನ ವಿಜ್ಞಾನ ಪಠ್ಯದಲ್ಲೇ ಇದೆ: ಜಡತ್ವ. ಬಸ್ಸಿಗೆ ಬ್ರೇಕ್ ಹಾಕಿದಾಗ ನಿಂತವರು ಮುಂದಕ್ಕೆ ಮುಗ್ಗರಿಸುತ್ತಾರಲ್ಲ, ಅದೇ ಸಂಗತಿ. ದೋಣಿ ಬಂಡೆಗೆ ಬಡಿದು ತಟ್ಟನೆ ನಿಲ್ಲುತ್ತದೆ, ಒಳಗಿನವರು ನಿಲ್ಲುವುದಿಲ್ಲ. ಸಾಲದ್ದಕ್ಕೆ, ಅದುಮಿದ ಗಾಳಿಯ ಕೊಳವೆ ಸ್ಪ್ರಿಂಗಿನಂತೆ ಮರಳಿ ಪುಟಿದು ಅಂಚಿನಲ್ಲಿ ಕುಳಿತವನನ್ನು ಎಸೆಯುತ್ತದೆ. ಅವನ ಕೈಯಲ್ಲಿ ಹುಟ್ಟು ಇರುತ್ತದೆ. ಅದರ ಮೇಲ್ತುದಿಯಲ್ಲಿ ಇಂಗ್ಲಿಷಿನ 'ಟಿ' ಅಕ್ಷರದ ಆಕಾರದ ಗಟ್ಟಿ ಹಿಡಿ. ಕೈ ಜಾರಿತೋ, ಆ ಹಿಡಿ ಪಕ್ಕದವನ ಹಲ್ಲಿಗೆ ಸುತ್ತಿಗೆಯಾಗುತ್ತದೆ. ಏನೇ ಆದರೂ ಒಂದು ಅಂಗೈ ಆ ಹಿಡಿಯನ್ನು ಮುಚ್ಚಿಕೊಂಡೇ ಇರಬೇಕು ಎಂದು ಮಾರ್ಗದರ್ಶಕರು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಹುಡುಗರು ಆ ಹೊತ್ತಿಗೆ ಫೋಟೋಕ್ಕೆ ನಗುತ್ತಿರುತ್ತಾರೆ!

ಮೊಣಕಾಲಿನ ಕಥೆಯೂ ಇಂಥದ್ದೇ. ಬೀಳದಿರಲೆಂದು ಪಾದವನ್ನು ಅಡ್ಡ ಕೊಳವೆಯ ಕೆಳಗೆ ಸಿಕ್ಕಿಸಿಕೊಳ್ಳುವುದು ವಾಡಿಕೆ. ತೀರ ಬಿಗಿಯಾಗಿ ತುರುಕಿದರೆ ಮೈ ಹೊರಗೆ ಹಾರಿದಾಗ ಪಾದ ಅಲ್ಲೇ ಉಳಿಯುತ್ತದೆ, ನಡುವಿನ ಕೀಲು ತಿರುಚುತ್ತದೆ.

ಇನ್ನು ನೀರಿಗೆ ಬಿದ್ದವರ ಮಾತು. ಮೊಣಕಾಲುದ್ದದ ನೀರು ಕಂಡರೆ ಯಾರಿಗಾದರೂ ಎದ್ದು ನಿಲ್ಲಬೇಕೆನಿಸುತ್ತದೆ. ಓಡುವ ನೀರಿನಲ್ಲಿ ಅದರಂಥ ಅಪಾಯ ಇನ್ನೊಂದಿಲ್ಲ. ತಳದ ಎರಡು ಕಲ್ಲುಗಳ ನಡುವೆ ಪಾದ ಸಿಕ್ಕಿಕೊಂಡರೆ, ಪ್ರವಾಹ ಬೆನ್ನಿಗೆ ಗುದ್ದಿ ಮುಖ ಅಡಿಯಾಗಿ ಕೆಡವುತ್ತದೆ. ಲೈಫ್ ಜಾಕೆಟ್ ಇದ್ದರೂ ತಲೆ ಮೇಲಕ್ಕೆ ಬಾರದು.

ಬಲದ ಲೆಕ್ಕ ವಿದ್ಯಾರ್ಥಿಗಳೇ ಮಾಡಿ ನೋಡಬಹುದು. ದೇಹದ ಅರ್ಧ ಚದರ ಮೀಟರ್ ಭಾಗ ಪ್ರವಾಹಕ್ಕೆ ಎದುರಾಗಿದೆ ಎನ್ನೋಣ. ನೀರಿನ ವೇಗ ಸೆಕೆಂಡಿಗೆ 1.5 ಮೀಟರ್ ಇದ್ದರೆ ತಳ್ಳುವ ಬಲ ಹೆಚ್ಚುಕಡಿಮೆ 57 ಕಿಲೋ ಭಾರಕ್ಕೆ ಸಮ. ವೇಗ ಎರಡರಷ್ಟು, ಅಂದರೆ 3 ಮೀಟರ್ ಆದರೆ? 114 ಅಲ್ಲ, ಸುಮಾರು 230 ಕಿಲೋ! ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 3 ಮೀಟರ್ ಎಂದರೆ ಗಂಟೆಗೆ 11 ಕಿಲೋಮೀಟರ್ ಕೂಡ ಇಲ್ಲ, ಹುಡುಗನೊಬ್ಬ ಸುಮ್ಮನೆ ಸೈಕಲ್ ತುಳಿಯುವ ವೇಗ.

ಆದ್ದರಿಂದ ಬಿದ್ದವರು ಅಂಗಾತ ಮಲಗಿ, ಪಾದಗಳನ್ನು ಹರಿವಿನ ದಿಕ್ಕಿಗೆ ಚಾಚಿ, ಕಾಲ್ಬೆರಳು ನೀರಿನ ಮೇಲೆ ಕಾಣುವಂತೆ ತೇಲಬೇಕು. ಮುಂದಿನ ಬಂಡೆಯನ್ನು ಒದೆಯಲು ಕಾಲುಗಳಿವೆ, ತಲೆಯಲ್ಲ. ನೀರು ಶಾಂತವಾದ ಕಡೆ ದಡದತ್ತ ಈಜಬೇಕು. ಮೇಲೆತ್ತುವವರು ಕೈ ಹಿಡಿದು ಜಗ್ಗಿದರೆ ಭುಜದ ಕೀಲು ತಪ್ಪೀತು. ಜಾಕೆಟ್ಟಿನ ಭುಜಪಟ್ಟಿ ಹಿಡಿದೆತ್ತುವುದೇ ಸರಿ.

ಜಾಕೆಟ್ ಸಡಿಲವಿದ್ದರೆ ಮಾತ್ರ ಎಲ್ಲವೂ ವ್ಯರ್ಥ. ಎರಡು ಭುಜಪಟ್ಟಿ ಹಿಡಿದು ಮೇಲಕ್ಕೆಳೆದಾಗ ಅದು ಕಿವಿಯವರೆಗೆ ಬಂದರೆ ನೀರಿನಲ್ಲಿ ತಲೆಯಿಂದಲೇ ಕಳಚಿಕೊಳ್ಳುತ್ತದೆ. ದೊಡ್ಡವರ ಜಾಕೆಟ್ ತೊಟ್ಟ ಮಕ್ಕಳಲ್ಲಿ ಇದನ್ನು ಮೊದಲು ನೋಡಬೇಕು.

ಕಾಳಿಯ ವಿಷಯದಲ್ಲಿ ಇನ್ನೊಂದು ಮಾತಿದೆ. ಗಣೇಶಗುಡಿಯ ಬಳಿ ನೀರು ಹೆಚ್ಚುವುದಕ್ಕೆ ಮಳೆಯೇ ಬರಬೇಕಿಲ್ಲ. ಮೇಲಿನ ಸೂಪಾ ಅಣೆಕಟ್ಟಿನಲ್ಲಿ ವಿದ್ಯುತ್ತಿಗಾಗಿ ನೀರು ಬಿಟ್ಟರೂ ಸಾಕು. ಬೆಳಿಗ್ಗೆ ಮೊಣಕಾಲುದ್ದ ಕಂಡ ಜಾಗ ಮಧ್ಯಾಹ್ನವೂ ಹಾಗೇ ಇರುತ್ತದೆಂದು ನಂಬಿ, ನಡುಹೊಳೆಯ ಬಂಡೆಯ ಮೇಲೆ ಊಟದ ಡಬ್ಬಿ ಬಿಚ್ಚುವಂತಿಲ್ಲ.